ದಾಗುಸಾ ಎಂದರೆ ರಾಗಿ

(ಮಂಡ್ಯದಲ್ಲಿ ರೈತರು ಮತ್ತು ಕೃಷಿ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ. ರಾಗಿ ಕೊಯ್ಲು ಇನ್ನೂ ಮುಗಿದಿಲ್ಲ, ಕೆಲಸ ಬಿಟ್ಟು ಬಂದಿದ್ದೀರಿ. ಸುತ್ತಿ ಬಳಸಿ ಮಾತಾಡುವುದಿಲ್ಲ.

ಒಂದೇ ಒಂದು ದಿನದ ಕತೆ ಹೇಳುತ್ತೇನೆ. ಹೋದ ತಿಂಗಳ ಒಂದು ಬುಧವಾರ. ಊರು ಅಡಿಸ್ ಅಬಾಬ, ಇಥಿಯೋಪಿಯಾದ ರಾಜಧಾನಿ. ಅಲ್ಲಿ ಸಣ್ಣ ಧಾನ್ಯಗಳ ಬಗ್ಗೆ ಒಂದು ಸಮ್ಮೇಳನ ಇತ್ತು. ನಾವು ಕೆಲವು ಹೆಂಗಸರು ಸೇರಿ ಹದಿನೈದು ವರ್ಷದಿಂದ ನಾಟಿ ರಾಗಿ ತಳಿಗಳನ್ನು ಉಳಿಸಿಕೊಂಡು ಬರುತ್ತಿದ್ದೇವೆ. ಆ ಕೆಲಸದ ಬಗ್ಗೆ ಹನ್ನೆರಡು ನಿಮಿಷ ಮಾತಾಡಬೇಕು ಅಂತ ಕರೆದಿದ್ದರು. ಅಷ್ಟು ದೂರ ನಾನು ಹೋಗಿದ್ದು ಅದೇ ಮೊದಲು.

ವಾಪಸು ಬಂದ ಮೇಲೆ ಊರಲ್ಲಿ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ಸಿಂಹ ನೋಡಿದ್ರಾ? ಊಟಕ್ಕೆ ಏನು ಮಾಡಿದ್ರಿ? ಕೇಳಿದವರ ಮೇಲೆ ನನಗೆ ಬೇಸರ ಇಲ್ಲ. ಆಫ್ರಿಕಾ ಅಂದರೆ ಕಾಡು, ಇಲ್ಲಾ ಬರ, ಇಷ್ಟೇ ನಮಗೆ ಯಾರೋ ತೋರಿಸಿದ್ದು. ಅಲ್ಲಿ 54 ದೇಶಗಳಿವೆ ಅನ್ನುವುದನ್ನೂ ನಾವು ಮರೆಯುತ್ತೇವೆ. ನಾನು ಸಿಂಹ ನೋಡಲಿಲ್ಲ. ಊಟ ಮಾತ್ರ ಚೆನ್ನಾಗಿ ಮಾಡಿದೆ. ಆ ಊಟದ ಮಾತಿಗೆ ಆಮೇಲೆ ಬರುತ್ತೇನೆ, ಯಾಕೆಂದರೆ ಇವತ್ತಿನ ಕತೆ ಇರುವುದೇ ಅಲ್ಲಿ.

ಆ ದಿನ ಶುರುವಾಗಿದ್ದು ಬೆಳಗಿನ ಜಾವ ಮೂರೂವರೆಗೆ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನನ್ನ ಮೈಗೆ ಆಗಲೇ ಆರು ಗಂಟೆ, ದನ ಬಿಚ್ಚಿ ಕಟ್ಟುವ ಹೊತ್ತು. ಎಚ್ಚರ ಆಯಿತು, ಮತ್ತೆ ನಿದ್ದೆ ಹತ್ತಲಿಲ್ಲ. ದೂರದ ಒಂದು ಚರ್ಚಿನಿಂದ ಪ್ರಾರ್ಥನೆಯ ರಾಗ ಮೈಕಿನಲ್ಲಿ ಕೇಳಿಸುತ್ತಿತ್ತು. ಚಳಿ ಬೇರೆ. ಆಫ್ರಿಕಾ ಅಂದರೆ ಸುಡು ಬಿಸಿಲು ಅಂದುಕೊಂಡು ಹೋದವಳು, ಎರಡು ಶಾಲು ಹೊದ್ದು ಕೂತಿದ್ದೆ.

ಹಿಂದಿನ ರಾತ್ರಿ ಡ್ರೈವರ್ ಫೋನ್ ಮಾಡಿ 'ಎರಡೂವರೆಗೆ ಬರ್ತೀನಿ' ಅಂದಿದ್ದರು. ಸಮ್ಮೇಳನ ಬೆಳಗ್ಗೆ ಒಂಬತ್ತಕ್ಕೆ. ಮಧ್ಯಾಹ್ನ ಎರಡೂವರೆಗೆ ಗಾಡಿ ಬಂದರೆ ಏನು ಪ್ರಯೋಜನ? ಗಾಬರಿಯಾಗಿ ಏಳೂವರೆಗೇ ಒಬ್ಬಳೇ ಹೊರಟೆ. ನೀಲಿ ಬಿಳಿ ಬಣ್ಣದ ಸಣ್ಣ ವ್ಯಾನು ಹತ್ತಿದೆ. ಬಾಗಿಲಲ್ಲಿ ಜೋತುಬಿದ್ದ ಹುಡುಗ ಹೋಗುವ ಜಾಗದ ಹೆಸರು ಕೂಗುತ್ತಲೇ ಇದ್ದ, ನಮ್ಮ ಖಾಸಗಿ ಬಸ್ಸಿನ ಕ್ಲೀನರ್ ಕೂಗುವ ಹಾಗೆ. ಒಂದು ಸ್ಟಾಪು ಮೊದಲೇ ಇಳಿದುಬಿಟ್ಟೆ. ಆಮೇಲೆ ಏರು ದಾರಿ. ಹತ್ತು ಹೆಜ್ಜೆ ಹಾಕುವುದು, ನಿಲ್ಲುವುದು. ಎದೆ ಡವಡವ. ನನಗೇನಾದರೂ ಕಾಯಿಲೆ ಬಂತಾ ಅಂತ ಹೆದರಿದೆ.

ಕಾಯಿಲೆ ಏನೂ ಆಗಿರಲಿಲ್ಲ. ಅಡಿಸ್ ಅಬಾಬ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೂ 400 ಮೀಟರ್ ಹತ್ತಿ, ಅಲ್ಲಿ ಲಕ್ಷಾಂತರ ಜನ ಇರುವ ಒಂದು ಪಟ್ಟಣ ಕಟ್ಟಿದ ಹಾಗೆ. ಗಾಳಿ ತೆಳುವಾಗಿರುತ್ತದೆ. ಹೊಸದಾಗಿ ಹೋದವರಿಗೆ ಉಸಿರು ಸಾಲುವುದಿಲ್ಲ.

ಇನ್ನು ಆ 'ಎರಡೂವರೆ'. ಡ್ರೈವರ್ ಎಂಟೂವರೆಗೆ ಸರಿಯಾಗಿ ಬಂದು, ನನಗಾಗಿ ಕಾದು, ಪಾಪ, ಖಾಲಿ ಗಾಡಿ ತಗೊಂಡು ಬಂದಿದ್ದರು. ಇಥಿಯೋಪಿಯಾದಲ್ಲಿ ದಿನದ ಲೆಕ್ಕ ಶುರುವಾಗುವುದು ಹೊತ್ತು ಹುಟ್ಟುವುದರಿಂದ. ನಮ್ಮ ಬೆಳಗ್ಗೆ ಏಳು ಗಂಟೆ ಅವರಿಗೆ ಒಂದು ಗಂಟೆ. ಎಂಟೂವರೆ ಅಂದರೆ ಎರಡೂವರೆ. ಸಂಜೆ ಆರಾದ ಮೇಲೆ ರಾತ್ರಿಯ ಲೆಕ್ಕ ಮತ್ತೆ ಒಂದರಿಂದ. ಇದನ್ನು ಕೇಳಿದಾಗ ನನಗೆ ನಮ್ಮಜ್ಜಿ ನೆನಪಾದರು. ಅಜ್ಜಿ ಗಡಿಯಾರ ನೋಡಿದವರಲ್ಲ. 'ಹೊತ್ತು ಹುಟ್ಟಿ ಒಂದು ಜಾವ ಆಯ್ತು' ಅನ್ನುತ್ತಿದ್ದರು. ನಮ್ಮ ಪಂಚಾಂಗದಲ್ಲಿ ಈಗಲೂ ಘಳಿಗೆ ಎಣಿಸುವುದು ಸೂರ್ಯೋದಯದಿಂದ ಅಲ್ವಾ? ರಾತ್ರಿ ಹನ್ನೆರಡಕ್ಕೆ ದಿನ ಬದಲಾಗುತ್ತದೆ ಅನ್ನುವುದಕ್ಕಿಂತ ಹೊಲದಲ್ಲಿ ದುಡಿಯುವವರಿಗೆ ಇದೇ ಸರಿಯಾದ ಲೆಕ್ಕ ಅಂತ ನನಗೆ ಅನಿಸಿತು. ಅವರ ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡು ತಿಂಗಳಿಗೆ ತಲಾ 30 ದಿನ, ಕೊನೆಯದಕ್ಕೆ ಐದೋ ಆರೋ ದಿನ. ಹೊಸ ವರ್ಷ ಬರುವುದು ಸೆಪ್ಟೆಂಬರಿನಲ್ಲಿ, ಮಳೆಗಾಲ ಕಳೆದು ಹಳದಿ ಹೂವು ಅರಳುವ ಹೊತ್ತಿಗೆ.

ಸಭಾಂಗಣ ತಲುಪುವ ಹೊತ್ತಿಗೇ ನಾನು ಅರ್ಧ ದಣಿದಿದ್ದೆ. ಒಳಗೆ ಹೋದ ಕೂಡಲೇ ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಸೆನೆಗಲ್, ಮಾಲಿ, ಬುರ್ಕಿನಾ ಫಾಸೋ ಕಡೆಯಿಂದ ಬಂದವರು ಫ್ರೆಂಚಿನಲ್ಲಿ ಮಾತಾಡುತ್ತಿದ್ದರು, ಕಿವಿಯಲ್ಲಿ ಇಂಗ್ಲಿಷ್ ಬರುತ್ತಿತ್ತು. ಅದನ್ನು ನಾನು ಮನಸ್ಸಿನಲ್ಲೇ ಕನ್ನಡಕ್ಕೆ ಮಾಡಿಕೊಳ್ಳುತ್ತಿದ್ದೆ. ಊಟದವರೆಗೆ ಹನ್ನೊಂದು ಜನ ಮಾತಾಡಿದರು. ಪರದೆಯ ಮೇಲೆ ಪಟ್ಟಿ, ಗ್ರಾಫು, ಮತ್ತೆ ಪಟ್ಟಿ. ಎಲ್ಲರೂ ಬಹಳ ತಿಳಿದವರು. ಆದರೆ ಒಂದು ಗಂಟೆ ಆದ ಮೇಲೆ ಪದಗಳು ನನ್ನ ಕಿವಿಗೆ ಬಿದ್ದು ಹಾಗೇ ಹೊರಗೆ ಹೋಗುತ್ತಿದ್ದವು.

ಸುಮ್ನೆ ಕೂತಿರುವುದರಲ್ಲಿ ದಣಿವು ಏನು ಅಂತ ನಿಮಗೆ ಅನಿಸಬಹುದು. ನಾನು ಇಡೀ ದಿನ ರಾಗಿ ಕಳೆ ಕಿತ್ತವಳು. ಆ ದಣಿವು ಗೊತ್ತು. ಸೊಂಟ ಹಿಡಿಯುತ್ತದೆ, ಆದರೆ ರಾತ್ರಿ ಮುದ್ದೆ ಉಂಡು ಮಲಗಿದರೆ ಹೋಗುತ್ತದೆ. ಬೇರೆಯವರ ಭಾಷೆಯಲ್ಲಿ ಎಂಟು ಗಂಟೆ ಕೇಳುವ ದಣಿವು ಬೇರೆ. ತಲೆಯ ಒಳಗೆ ಯಾರೋ ಒಕ್ಕಣೆಯ ರೋಣಗಲ್ಲು ಎಳೆದ ಹಾಗೆ. ಗಾಜಿನ ಕೋಣೆಯಲ್ಲಿ ಕೂತು ಅನುವಾದ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳನ್ನು ಬಿಡುವಿನಲ್ಲಿ ಮಾತಾಡಿಸಿದೆ. ಅವರು ಬಿಸಿನೀರು ಕುಡಿಯುತ್ತಿದ್ದರು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಜೊತೆಯವರಿಗೆ ಮೈಕು ಬಿಟ್ಟುಕೊಡುತ್ತಾರಂತೆ. ಅದಕ್ಕಿಂತ ಜಾಸ್ತಿ ಹೊತ್ತು ಒಬ್ಬರೇ ಮಾಡಿದರೆ ತಪ್ಪಾಗುತ್ತದೆ ಎಂದರು. ಅದೇ ಕಸುಬಿನವರೇ ಅರ್ಧ ಗಂಟೆಗೆ ದಣಿಯುತ್ತಾರೆ. ನನಗೆ ಆಗ ಸ್ವಲ್ಪ ಸಮಾಧಾನ ಆಯಿತು. ಇಂಗ್ಲಿಷಿನಲ್ಲಿ ಪಾಠ ಕೇಳಿ ಸಂಜೆ ಮನೆಗೆ ಬಂದು ಸುಸ್ತಾಗಿ ಕೂರುವ ನಮ್ಮ ಹಳ್ಳಿ ಮಕ್ಕಳನ್ನು ಸೋಮಾರಿ ಅಂತ ಬೈಯಬೇಡಿ. ಇದು ನನ್ನ ಮನಸ್ಸಿನ ಮಾತು.

ಊಟ ಆದ ಮೇಲಿನ ಮೊದಲ ಸರದಿ ನನ್ನದು. ಬೆಳಗ್ಗೆಯವರು ಹೊತ್ತು ಮೀರಿ ಮಾತಾಡಿದ್ದರಿಂದ ಹನ್ನೆರಡು ನಿಮಿಷ ಏಳಾಗಿತ್ತು. ಕಂಪ್ಯೂಟರಿಗೆ ನನ್ನ ಚಿತ್ರಗಳನ್ನು ಹಾಕಿದರು. ಕನ್ನಡ ಅಕ್ಷರ ಒಂದೂ ಮೂಡಲಿಲ್ಲ. ಉಂಡೆ ರಾಗಿ, ಎಡಗು ರಾಗಿ, ಜಗಳೂರು ರಾಗಿ, ಕರಿಗಿಡ್ಡ, ಕೋಣಕೊಂಬಿನ ರಾಗಿ, ಪಿಚ್ಚಕಡ್ಡಿ ಅಂತ ಎಷ್ಟು ಪ್ರೀತಿಯಿಂದ ಬರೆದಿದ್ದೆ. ಎಲ್ಲ ಹೆಸರಿನ ಜಾಗದಲ್ಲೂ ಖಾಲಿ ಚೌಕಗಳು. ಒಂದು ಗಳಿಗೆ ಗಂಟಲು ಕಟ್ಟಿತು. ಆಮೇಲೆ ಪರದೆ ನೋಡುವುದು ಬಿಟ್ಟೆ. ಹೆಸರುಗಳನ್ನು ಬಾಯಲ್ಲೇ ಒಂದೊಂದಾಗಿ ಹೇಳಿದೆ. ಯಾವುದರ ತೆನೆ ಮುಷ್ಟಿ ಹಿಡಿದ ಹಾಗೆ, ಯಾವುದರದು ಬಿಚ್ಚಿದ ಬೆರಳಿನ ಹಾಗೆ, ಕೈಯಲ್ಲೇ ತೋರಿಸಿದೆ.

ಅದು ಮುಗಿದ ಮೇಲೆ ಒಬ್ಬ ವಯಸ್ಸಾದ ಇಥಿಯೋಪಿಯಾದ ವಿಜ್ಞಾನಿ ನನ್ನ ಹತ್ತಿರ ಬಂದರು. ತಲೆ ಪೂರ್ತಿ ಬೆಳ್ಳಗೆ. 'ನಮ್ಮ ಅಕ್ಷರಗಳೂ ಹೊರದೇಶದಲ್ಲಿ ಹೀಗೇ ಚೌಕಗಳಾಗುತ್ತವೆ, ನೊಂದುಕೊಳ್ಳಬೇಡಿ' ಎಂದರು. ಅವರ ಲಿಪಿಯ ಹೆಸರು ಫಿದೆಲ್. ಕಾಗದದ ಮೇಲೆ ಬರೆದು ತೋರಿಸಿದರು. ಹ, ಹು, ಹಿ, ಹಾ, ಹೇ, ಹ್, ಹೋ. ಒಂದೊಂದು ವ್ಯಂಜನಕ್ಕೂ ಏಳು ರೂಪ. ಥೇಟ್ ನಮ್ಮ ಕಾಗುಣಿತ! ನಾನು ನಮ್ಮ ಕಾಗುಣಿತ ಹೇಳಿದೆ, ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅಂದರು, 'ನನಗೆ ಗಣಿತ ಕಲಿಸಿದವರು ನಿಮ್ಮ ದೇಶದ ಮೇಷ್ಟ್ರು.' ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಭಾರತದಿಂದ ಬಹಳ ಜನ ಶಿಕ್ಷಕರು ಅಲ್ಲಿನ ಶಾಲೆಗಳಿಗೆ ಹೋಗಿದ್ದರು. ದೂರದ ಊರುಗಳಲ್ಲಿ ಇದ್ದು ಕಲಿಸಿದರು. ಆ ಪೀಳಿಗೆಯವರು ಇವತ್ತಿಗೂ ಅದನ್ನು ನೆನೆಯುತ್ತಾರೆ. ಯಾರೋ ನಮ್ಮ ಮೇಷ್ಟ್ರು ಅರವತ್ತು ವರ್ಷದ ಹಿಂದೆ ಕಲಿಸಿದ ಲೆಕ್ಕಕ್ಕೆ ನನಗೆ ಆ ದಿನ ಮರ್ಯಾದೆ ಸಿಕ್ಕಿತು.

'ನೀವು ರಾಗಿ ಅನ್ನುವುದಕ್ಕೆ ನಾವು ದಾಗುಸಾ ಅನ್ನುತ್ತೇವೆ' ಎಂದರು ಅವರು. 'ಸಂಜೆ ನಮ್ಮ ಹುಡುಗಿ ನಿಮ್ಮನ್ನು ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಾಳೆ.'

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಬೇಕು. ಅದರಲ್ಲೂ ಈ ಮಂಡ್ಯದ ನೆಲದಲ್ಲಿ ನಿಂತು.

ರಾಗಿ ನಮ್ಮದು ಅಂತ ನಾವು ಎದೆ ತಟ್ಟಿ ಹೇಳುತ್ತೇವೆ. ಹೇಳಲೇಬೇಕು. ಇಡೀ ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯುವುದು ಕರ್ನಾಟಕ. ಆದರೆ ರಾಗಿಯ ತವರು ಪೂರ್ವ ಆಫ್ರಿಕಾ. ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ನೆಲ. ಅಲ್ಲಿ ಈಗಲೂ ಕಾಡು ರಾಗಿ ತಾನಾಗಿಯೇ ಬೆಳೆಯುತ್ತದೆ. ಸುಮಾರು ಐದು ಸಾವಿರ ವರ್ಷದ ಹಿಂದೆ ಅಲ್ಲಿನ ಜನ, ಬಹುಶಃ ಅಲ್ಲಿನ ಹೆಂಗಸರು, ಆ ಹುಲ್ಲಿನಲ್ಲಿ ಕಾಳು ಉದುರದ ತೆನೆಗಳನ್ನು ಹುಡುಕಿ ಹುಡುಕಿ ಆರಿಸಿ ಬಿತ್ತಿದರು. ಹಾಗೆ ಹುಲ್ಲು ಧಾನ್ಯವಾಯಿತು. ಅದು ಕಡಲು ದಾಟಿ ನಮ್ಮ ಕಡೆ ಬಂತು. ಯಾವಾಗ ಬಂತು ಅನ್ನುವುದರಲ್ಲಿ ತಿಳಿದವರಲ್ಲೇ ವಾದ ಇದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನೆಲ ಅಗೆದಾಗ ಹಳೆಯ ಪದರಗಳಲ್ಲಿ ರಾಗಿ ಸಿಕ್ಕಿತು ಎಂದು ವರದಿಯಾಗಿದೆ, ಅದನ್ನು ಒಪ್ಪದವರೂ ಇದ್ದಾರೆ. ಬಂದಿದ್ದು ಎಲ್ಲಿಂದ ಅನ್ನುವುದರಲ್ಲಿ ವಾದ ಇಲ್ಲ.

ಎರಡನೇ ಸಲ ಅದು ಬಂದಿದ್ದು ಮಂಡ್ಯಕ್ಕೆ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲೇ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿದರು. ರಾಗಿಯ ಹೂವು ಎಷ್ಟು ಸಣ್ಣದು ಅಂತ ನಿಮಗೆ ಗೊತ್ತು. ತನ್ನೊಳಗೇ ಕಾಯಿ ಕಟ್ಟಿಕೊಳ್ಳುವ ಹೂವು ಅದು. ಒಂದರ ಪರಾಗ ಇನ್ನೊಂದಕ್ಕೆ ಮುಟ್ಟಿಸುವುದು ಬಹಳ ತಾಳ್ಮೆಯ ಕೆಲಸ. ಅವರು ಅದನ್ನು ವರ್ಷಗಟ್ಟಲೆ ಮಾಡಿದರು. ಆಫ್ರಿಕಾದ ತಳಿಯಲ್ಲಿ ಗಟ್ಟಿ ಕಡ್ಡಿ ಇತ್ತು, ದಪ್ಪ ತೆನೆ ಇತ್ತು, ಬೆಂಕಿ ರೋಗ ತಡೆಯುವ ಶಕ್ತಿ ಇತ್ತು. ನಮ್ಮದರಲ್ಲಿ ಬುಡದಿಂದ ಮರಿ ಪೈರು, ಅಂದರೆ ತೆಂಡೆ, ಚೆನ್ನಾಗಿ ಒಡೆಯುವ ಗುಣ ಇತ್ತು. ಎರಡೂ ಸೇರಿ ಹುಟ್ಟಿದ್ದೇ ಇಂಡಾಫ್. ಇಂಡಾಫ್ ಐದು, ಇಂಡಾಫ್ ಏಳು, ಇಂಡಾಫ್ ಒಂಬತ್ತು ಅಂತ ನಿಮ್ಮ ಅಪ್ಪಂದಿರು ಬಿತ್ತಿದ್ದಾರೆ. ಆ ಹೆಸರಿನ ಅರ್ಥ ಏನು ಅಂತ ಯಾರಾದರೂ ಕೇಳಿಕೊಂಡಿದ್ದೀರಾ? 'ಇಂಡ್' ಅಂದರೆ ಇಂಡಿಯಾ, 'ಆಫ್' ಅಂದರೆ ಆಫ್ರಿಕಾ. ಈಗ ಹೆಚ್ಚಾಗಿ ಬಿತ್ತುವ ಜಿಪಿಯು 28 ರಾಗಿಯ ವಂಶದಲ್ಲೂ ಇಂಡಾಫ್ ಇದೆ. ಅಡಿಸ್ ಅಬಾಬದ ಸಭೆಯಲ್ಲಿ ನಾನು ಲಕ್ಷ್ಮಣಯ್ಯನವರ ಹೆಸರು ಹೇಳಿದಾಗ ಆ ಹಿರಿಯ ವಿಜ್ಞಾನಿ ಪುಸ್ತಕದಲ್ಲಿ ಬರೆದುಕೊಂಡರು.

ಮಧ್ಯಾಹ್ನದ ಉಳಿದ ಭಾಷಣಗಳ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಕಣ್ಣು ತೂಗುತ್ತಿತ್ತು. ಕಾಲು ಊದಿಕೊಂಡು ಚಪ್ಪಲಿ ಬಿಗಿಯಾಗಿತ್ತು. ನಾಲ್ಕು ಗಂಟೆಗೆ ಕಾಫಿಗೆ ಬಿಟ್ಟಾಗ ಮಾತ್ರ ಎಚ್ಚರ ಆಯಿತು, ಆ ಕಾಫಿ ಅಂಥದ್ದು.

ಮೂಲೆಯಲ್ಲಿ ನೆಲದ ಮೇಲೆ ಹಸಿ ಹುಲ್ಲು ಹರಡಿದ್ದರು. ಬಿಳಿ ಸೀರೆಯಂಥ ತೆಳು ಬಟ್ಟೆ ಹೊದ್ದ ಒಬ್ಬ ತಾಯಿ ಚಿಕ್ಕ ಮಣೆಯ ಮೇಲೆ ಕೂತಿದ್ದರು. ಧೂಪ ಹಾಕಿದ್ದರು. ಹಸಿ ಬೀಜ ತೊಳೆದು, ಕೆಂಡದ ಮೇಲೆ ಹುರಿದು, ಆ ಹೊಗೆಯನ್ನು ಎಲ್ಲರ ಮುಖದ ಹತ್ತಿರ ತಂದು ತೋರಿಸಿದರು. ನಾವು ಮಂಗಳಾರತಿ ತಟ್ಟೆ ತಂದಾಗ ಮಾಡುವ ಹಾಗೆ ಅಲ್ಲಿದ್ದವರು ಕೈಯಿಂದ ಆ ಹೊಗೆಯನ್ನು ಎಳೆದುಕೊಂಡರು. ಆಮೇಲೆ ಕುಟ್ಟಿ, ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿದರು. ಅದಕ್ಕೆ ಜೆಬೆನಾ ಅನ್ನುತ್ತಾರೆ. ಕಾಫಿಗೆ ಬುನಾ. ಅದೇ ಪುಡಿಯಲ್ಲಿ ಮೂರು ಸಲ ಇಳಿಸುತ್ತಾರೆ, ಮೂರಕ್ಕೂ ಹೆಸರಿದೆ, ಅಬೋಲ್, ತೋನಾ, ಬೆರೆಕಾ. ಕೊನೆಯದು ಅಂದರೆ ಆಶೀರ್ವಾದ. ಮೂರನೆಯದು ಕುಡಿಯದೆ ಎದ್ದು ಹೋಗಬಾರದು. ಕಾಫಿ ಗಿಡದ ತವರೂ ಇದೇ ದೇಶ. ಇಲ್ಲಿಂದ ಯೆಮನ್‌ಗೆ ಹೋಗಿ, ಯೆಮನ್‌ನಿಂದ ಬಾಬಾ ಬುಡನ್ ಕೈಯಲ್ಲಿ ನಮ್ಮ ಚಿಕ್ಕಮಗಳೂರಿನ ಗಿರಿಗೆ ಬಂತು ಅನ್ನುತ್ತಾರಲ್ಲ, ಆ ದಾರಿಯ ಮೊದಲ ತುದಿಯಲ್ಲಿ ನಾನು ಕೂತಿದ್ದೆ.

ಆ ತಾಯಿ ನನ್ನ ಕಾಲು ನೋಡಿದರು. ಏನೂ ಮಾತಾಡದೆ ತಮ್ಮ ಪಕ್ಕದ ಮಣೆ ಸರಿಸಿ, ಕಾಲು ಚಾಚಿ ಕೂರಲು ಸನ್ನೆ ಮಾಡಿದರು. 'ಇಹಿತೆ' ಅಂದರು. ನನ್ನ ತಂಗಿ, ನನ್ನ ಅಕ್ಕ, ಎರಡಕ್ಕೂ ಅದೇ ಮಾತು. ದಿನವಿಡೀ ನನ್ನ ಕಿವಿಗೆ ಬಿದ್ದ ಸಾವಿರ ಪದಗಳಲ್ಲಿ ಅನುವಾದ ಬೇಡದ ಪದ ಅದೊಂದೇ.

ಸಂಜೆ ಐದೂವರೆಗೆ ಆ ಹುಡುಗಿ ಜೊತೆ ಮರ್ಕಾಟೋಗೆ ಹೋದೆ. ಬಹಳ ದೊಡ್ಡ ಮಾರುಕಟ್ಟೆ. ನಮ್ಮ ಕೆ.ಆರ್. ಮಾರುಕಟ್ಟೆ, ಯಶವಂತಪುರದ ಮಂಡಿ, ಚಿಕ್ಕಪೇಟೆ ಎಲ್ಲ ಒಂದೇ ಕಡೆ ಸೇರಿಸಿದ ಹಾಗೆ. ಹೋಗುವ ಮೊದಲು ಕೋಣೆಗೆ ಹೋಗಿ ಮಲಗಿಬಿಡೋಣ ಅನಿಸಿತ್ತು. ಹೋಗದಿದ್ದರೆ ನನ್ನ ಪಯಣವೇ ದಂಡ ಆಗುತ್ತಿತ್ತು.

ಕಾಳು ಮಾರುವ ಸಾಲಿನಲ್ಲಿ ಮೊದಲು ಕಂಡಿದ್ದು ತೆಫ್, ಸಾಸಿವೆಗಿಂತ ಎಷ್ಟೋ ಸಣ್ಣ ಕಾಳು. ಅದರ ಪಕ್ಕದ ಚೀಲದ ಬಾಯಿ ತೆರೆದಿತ್ತು. ಕೆಂಪು ಕಂದು ಬಣ್ಣ. ಕೈ ಹಾಕಿದೆ. ನೋಡುವ ಮೊದಲೇ ಬೆರಳಿಗೆ ಗೊತ್ತಾಯಿತು. ರಾಗಿ! ಬೊಗಸೆಯಲ್ಲಿ ಎತ್ತಿ ಮೂಸಿದೆ. ನೆಲದೊಳಗೆ ಕಾಳು ತುಂಬಿಡುವ ನಮ್ಮ ಹಗೇವಿನ ಬಾಯಿ ತೆಗೆದಾಗ ಬರುವ ವಾಸನೆಯ ನೆನಪಾಗಿ ಕಣ್ಣಲ್ಲಿ ನೀರು ಬಂತು. ಅಂಗಡಿಯ ಅಜ್ಜಿ ಹೆದರಿದರು. ಹುಡುಗಿ ಅವರನ್ನು 'ಎಮಾಮಾ' ಅಂತ ಕರೆದು ಏನೋ ಹೇಳಿದಳು, ನಮ್ಮ ಊರಲ್ಲೂ ಇದನ್ನೇ ತಿನ್ನುತ್ತೇವೆ ಅಂತ. ಅಜ್ಜಿ ನನ್ನ ಸೆರಗು ಮುಟ್ಟಿ ನಕ್ಕರು. ಅಲ್ಲಿ ದಾಗುಸಾ ಹಿಟ್ಟನ್ನು ತೆಫ್ ಜೊತೆ ಬೆರೆಸಿ ರೊಟ್ಟಿ ಮಾಡುತ್ತಾರೆ, ಗಂಜಿ ಕಾಯಿಸುತ್ತಾರೆ, ಹೆಂಡವನ್ನೂ ಇಳಿಸುತ್ತಾರೆ.

ರಾಗಿ ಪಕ್ಕದ ಚೀಲದಲ್ಲಿ ಕಪ್ಪಗೆ ಹೊಳೆಯುವ ಉದ್ದನೆಯ ಕಾಳು. ಹುಚ್ಚೆಳ್ಳು! ಅಲ್ಲಿ ಅದಕ್ಕೆ ನೂಗ್ ಅನ್ನುತ್ತಾರೆ, ಅಡುಗೆಗೆ ಅದರ ಎಣ್ಣೆಯನ್ನೇ ಬಹಳ ಬಳಸುತ್ತಾರೆ. ಅದರ ಪಕ್ಕ ಜೋಳ. ಆ ಸಾಲಿನ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ. ನಮ್ಮವ್ವ ಅಕ್ಕಡಿ ಸಾಲು ಬಿಡುತ್ತಿದ್ದುದು ಕಣ್ಣ ಮುಂದೆ ಬಂತು. ಹನ್ನೆರಡು ಸಾಲು ರಾಗಿ, ನಡುವೆ ಒಂದು ಸಾಲು ಅಕ್ಕಡಿ. ಅದರಲ್ಲಿ ಅವರೆ, ತೊಗರಿ, ಜೋಳ, ಅಲಸಂದೆ, ಹುಚ್ಚೆಳ್ಳು, ಬದುವಿನಲ್ಲಿ ಹರಳು. ಹುಚ್ಚೆಳ್ಳು ಹಳದಿ ಹೂ ಬಿಟ್ಟರೆ ಹೊಲಕ್ಕೇ ಒಂದು ಚೆಂದ. ಈಗ ಒಂದೊಂದಾಗಿ ಎಣಿಸಿ. ರಾಗಿ ಹುಟ್ಟಿದ್ದು ಆಫ್ರಿಕಾದಲ್ಲಿ. ಹುಚ್ಚೆಳ್ಳು ಇಥಿಯೋಪಿಯಾದಲ್ಲಿ. ಜೋಳ ಸುಡಾನ್ ಕಡೆ. ಅಲಸಂದೆ ಆಫ್ರಿಕಾ. ಅವರೆಯ ಕಾಡು ಮೂಲವೂ ಆಫ್ರಿಕಾ. ಹರಳೂ ಆ ಕಡೆಯದೇ. ಮುದ್ದೆಗೆ ಅವರೆಕಾಳು ಸಾರು ಮಾಡಿ ಹುಣಸೆಹಣ್ಣು ಹಿಂಡುತ್ತೇವಲ್ಲ, ಆ ಹುಣಸೆ ಮರವೂ ಅಲ್ಲಿಂದಲೇ ಬಂದಿದ್ದು. ನಮ್ಮ ಅಕ್ಕಡಿಯಲ್ಲಿ ಈ ನೆಲದಲ್ಲೇ ಹುಟ್ಟಿದ್ದು ತೊಗರಿ. ಅದು ಇಲ್ಲಿಂದ ಹೊರಟು ಆಫ್ರಿಕಾ ಸೇರಿದೆ. ಕೀನ್ಯಾ, ಟಾಂಜಾನಿಯಾ, ಮಲಾವಿಯ ರೈತರು ಬೆಳೆದ ತೊಗರಿ ಈಗ ನಮ್ಮ ಅಂಗಡಿಗೆ ಬರುತ್ತದೆ. ಕೊಟ್ಟು ತಂದುಕೊಳ್ಳುವ ಮನೆಗಳಿಗೆ ನಾವು ಬೀಗರು ಅನ್ನುತ್ತೇವೆ.

ಈ ಮಾತು ನನಗೆ ಯಾವ ಪಾಠದಲ್ಲೂ ಯಾರೂ ಹೇಳಿರಲಿಲ್ಲ. ರಾಗಿಯಲ್ಲಿ ನೂರು ಗ್ರಾಂಗೆ 340 ಮಿಲಿಗ್ರಾಂ ಸುಣ್ಣದ ಅಂಶ ಇದೆ ಅಂತ ಎಲ್ಲರೂ ಹೇಳುತ್ತಾರೆ. 2023ರಲ್ಲಿ ಸಿರಿಧಾನ್ಯದ ವರ್ಷ ಅಂತ ಊರೂರಲ್ಲಿ ಬ್ಯಾನರ್ ಕಟ್ಟಿದೆವು. ಯಾವ ಬ್ಯಾನರಿನಲ್ಲೂ ಈ ಕಾಳನ್ನು ಮೊದಲು ಆರಿಸಿದ ಕೈಗಳ ನೆನಪು ನಾನು ಕಾಣಲಿಲ್ಲ. ನನಗೆ ಅದು ನೋವು. ಆ ನೋವಿನಿಂದಲೇ ಇಲ್ಲಿಗೆ ಬಂದಿದ್ದೇನೆ.

ಒಂದು ಹಿಡಿ ದಾಗುಸಾ ಊರಿಗೆ ತರುವ ಆಸೆ ಬಹಳ ಆಯಿತು. ಸೆರಗಿನ ತುದಿಯಲ್ಲಿ ಗಂಟು ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾನು ಬೀಜ ಕಾಯುವವಳು. ಬೀಜ ಅಂದರೆ ಏನು ಅಂತ ಆ ದೇಶ ಬಹಳ ಕಷ್ಟಪಟ್ಟು ಕಲಿತಿದೆ. 1984ರ ಬರದಲ್ಲಿ ಜನ ಬಿತ್ತನೆಗೆ ಇಟ್ಟಿದ್ದನ್ನೂ ತಿನ್ನಬೇಕಾಯಿತು. 1976ರಲ್ಲೇ ಅಡಿಸ್ ಅಬಾಬದಲ್ಲಿ ಒಂದು ಬೀಜ ಭಂಡಾರ ಶುರುವಾಗಿತ್ತು. ಅದನ್ನು ನಡೆಸುತ್ತಿದ್ದ ಮೆಲಾಕು ವೊರೆಡೆ ಎಂಬ ವಿಜ್ಞಾನಿ ಹಳ್ಳಿಗಳಿಂದ ನಾಟಿ ಬೀಜ ಕೂಡಿಸಿ ಕಾಪಾಡಿದರು. ಬೀಜ ಶೀತಲ ಪೆಟ್ಟಿಗೆಯಲ್ಲಿ ಇದ್ದರೆ ಸಾಲದು, ರೈತರ ಹೊಲದಲ್ಲೂ ಬದುಕಿರಬೇಕು ಎಂದು ಅವರ ಜೊತೆ ಸೇರಿ ಕೆಲಸ ಮಾಡಿದರು. 1989ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಆಮೇಲೆ ತೆಫ್ ಕತೆ. ಯುರೋಪಿನ ಒಂದು ಕಂಪನಿ ತೆಫ್ ಹಿಟ್ಟಿನ ಮೇಲೆ ಪೇಟೆಂಟ್ ತೆಗೆದುಕೊಂಡುಬಿಟ್ಟಿತು. ಸಾವಿರಾರು ವರ್ಷ ಈ ಜನ ಬೀಸಿ, ಕಲಸಿ, ಬೇಯಿಸಿ ತಿಂದ ಹಿಟ್ಟು! 2018ರಲ್ಲಿ ನೆದರ್ಲೆಂಡ್ಸ್‌ನ ನ್ಯಾಯಾಲಯ ಅಲ್ಲಿ ಆ ಪೇಟೆಂಟ್ ನಿಲ್ಲುವುದಿಲ್ಲ ಎಂದಿತು. ಕೇಳದೆ ಬೀಜ ಹೊರಗೆ ಒಯ್ಯಬಾರದು ಅಂತ ಇಥಿಯೋಪಿಯಾದವರು 2006ರಲ್ಲೇ ಕಾನೂನು ಮಾಡಿಕೊಂಡಿದ್ದಾರೆ. ರೋಗದ ಭಯಕ್ಕೆ ನಮ್ಮ ದೇಶದ ಕಾನೂನೂ ಬಿಡುವುದಿಲ್ಲ. ಬೊಗಸೆಯಲ್ಲಿದ್ದ ರಾಗಿಯನ್ನು ಚೀಲಕ್ಕೆ ಸುರಿದೆ. ಅಂಗೈಗೆ ಅಂಟಿದ್ದ ನಾಲ್ಕು ಕಾಳನ್ನೂ ಉದುರಿಸಿದೆ.

ಬರಿಗೈಯಲ್ಲಿ ಹೋಗುತ್ತಿದ್ದಾಳೆ ಅಂತ ಆ ಅಜ್ಜಿಗೆ ಸಂಕಟ ಆಯಿತು. ಒಳಗಿನಿಂದ ಒಂದು ಪೊಟ್ಟಣ ತಂದು ಕೈಗಿಟ್ಟರು. ಕೋಲೋ ಅಂತ, ಹುರಿದ ಬಾರ್ಲಿ, ಕಡಲೆ. ನಮ್ಮ ಹುರಿಗಾಳೇ. ಹುರಿದದ್ದು ಮೊಳೆಯುವುದಿಲ್ಲ, ಧೈರ್ಯವಾಗಿ ತಗೊಂಡೆ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿದರು.

ರಾತ್ರಿ ಊಟ ಆ ಹುಡುಗಿಯ ಮನೆಯಲ್ಲಿ. ಬುಧವಾರ ಮತ್ತು ಶುಕ್ರವಾರ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸ ಹಿಡಿಯುತ್ತಾರೆ, ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಹಾಗಾಗಿ ತಟ್ಟೆ ತುಂಬಾ ಬೇಳೆ, ಸೊಪ್ಪು, ಕಡಲೆ ಹಿಟ್ಟಿನ ಗೊಜ್ಜು. ಕೆಳಗೆ ಅಗಲವಾದ ಇಂಜೆರಾ. ಹಿಟ್ಟು ಕಲಸಿ ಎರಡು ಮೂರು ದಿನ ಹುಳಿ ಬರಿಸಿ ಒಂದೇ ಕಡೆ ಬೇಯಿಸುತ್ತಾರೆ, ಸೆಟ್ ದೋಸೆ ತರಹ ಮೇಲೆಲ್ಲ ಕಣ್ಣು ಕಣ್ಣು. ಎಲ್ಲರೂ ಒಂದೇ ತಟ್ಟೆಯಲ್ಲಿ ಕೈ ಹಾಕಿ ಉಣ್ಣುತ್ತಾರೆ. ನಾನು ದಣಿವಿಗೆ ಸುಮ್ಮನೆ ಕೂತಿದ್ದೆ, ಕೈ ತಟ್ಟೆಗೆ ಹೋಗುತ್ತಿರಲಿಲ್ಲ. ಆ ಹುಡುಗಿಯ ತಾಯಿ ಒಂದು ತುತ್ತು ಸುತ್ತಿ, ಗೊಜ್ಜಿನಲ್ಲಿ ಅದ್ದಿ, ನೇರವಾಗಿ ನನ್ನ ಬಾಯಿಗೇ ಇಟ್ಟರು. ಅದಕ್ಕೆ ಗುರ್ಶಾ ಅನ್ನುತ್ತಾರೆ. ಅತಿಥಿಗೆ, ಬೇಕಾದವರಿಗೆ ಹಾಗೆ ಬಾಯಿಗೆ ಇಡುವುದು ಅವರ ಪದ್ಧತಿ. ನನಗೆ ಐವತ್ತೆಂಟು ವರ್ಷ. ನಮ್ಮವ್ವ ಹೋಗಿ ಇಪ್ಪತ್ತು ವರ್ಷ ಆಯಿತು. ಅವ್ವನ ಆಮೇಲೆ ನನಗೆ ಕೈತುತ್ತು ಕೊಟ್ಟವರು ಅವರೇ.

ಕೋಣೆಗೆ ಬಂದಾಗ ಹತ್ತು ಗಂಟೆ. ಅವರ ಲೆಕ್ಕದಲ್ಲಿ ರಾತ್ರಿ ನಾಲ್ಕು. ಚಪ್ಪಲಿ ಬಿಚ್ಚಿದೆನೋ ಇಲ್ಲವೋ ನೆನಪಿಲ್ಲ. ಆ ರಾತ್ರಿ ಬಂದ ನಿದ್ದೆ ಕಳೆ ಕಿತ್ತ ದಿನದ ನಿದ್ದೆ.

ನನ್ನ ಮಾತು ಇಷ್ಟೇ. ಆ ಅಜ್ಜಿ ಕೊಟ್ಟ ಕೋಲೋ ಈ ಡಬ್ಬಿಯಲ್ಲಿದೆ. ಎಲ್ಲರಿಗೂ ಒಂದೊಂದು ಚಿಟಿಕೆ ಬರಬಹುದು. ಮೊದಲು ಹಿಂದೆ ಕೂತಿರುವ ಅಜ್ಜಿಯರಿಗೆ ಕೊಡಿ.